ಗಲ್ಲಾದ ಪರದೆಗೆ ಅಡಿಪಾಯ ಯಾವುದು?

ಗಲ್ಲಾದ ಮೇಲೆ ಬಿಲ್ ಬುಕ್ಕು, ಕಾರ್ಬನ್ ಪೇಪರು ಇದ್ದ ಕಾಲ ಹೋಯಿತು. ಈಗ ನಮ್ಮ ಸಣ್ಣ ಹೋಟೆಲುಗಳಲ್ಲೂ ಟಚ್‌ಸ್ಕ್ರೀನ್ ಬಂದಿದೆ. ಕೆಲವರಂತೂ ತಮ್ಮ ಮೆನುವಿಗೆ, ಅಡಿಗೆಮನೆಗೆ ಹೊಂದುವಂತೆ ಯಂತ್ರವನ್ನೇ ಹೇಳಿ ಮಾಡಿಸಿಕೊಳ್ಳುತ್ತಿದ್ದಾರೆ. ಪರದೆ ಎಷ್ಟು ಇಂಚು, ಬೆಲೆ ಎಷ್ಟು ಎಂದು ಚೌಕಾಸಿ ಮಾಡುವ ನಾವು, ಒಳಗೆ ಓಡುವ ಆಪರೇಟಿಂಗ್ ಸಿಸ್ಟಂ ಯಾವುದೆಂದು ಮಾತ್ರ ಕೇಳುವುದಿಲ್ಲ.

ನಾವೂ ಕೇಳಿರಲಿಲ್ಲ. ಮುಂಬಯಿ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ಗಲ್ಲಾದ ಪರದೆ ಮತ್ತೆ ಏಳಲೇ ಇಲ್ಲ. ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, ‘ಆ ಹುಡುಗ ಕೆಲಸ ಬಿಟ್ಟಿದ್ದಾನೆ, ಪಾಸ್‌ವರ್ಡ್ ಅವನಲ್ಲೇ ಇತ್ತು’ ಎಂಬ ಉತ್ತರ. ಹೊರಗೆ ಗಿರಾಕಿಗಳ ಸಾಲು, ಒಳಗೆ ಚೀಟಿ ಹಿಡಿದು ಮಾಣಿಗಳ ಓಡಾಟ. ಮರುದಿನ ಬಿಚ್ಚಿ ನೋಡಿದ ಬೇರೊಬ್ಬರು, ಒಳಗಿದ್ದ ಲಿನಕ್ಸ್ ಆವೃತ್ತಿಗೆ ಅಪ್‌ಡೇಟ್ ನಿಂತು ಬಹಳ ಕಾಲವಾಗಿದೆ ಎಂದರು.

ತಪ್ಪು ಲಿನಕ್ಸಿನದ್ದಲ್ಲ. ಅದಕ್ಕೆ ಲೈಸೆನ್ಸ್ ಹಣ ಕೊಡಬೇಕಾಗಿಲ್ಲ, ಬೇಕಾದಂತೆ ಬದಲಿಸಿಕೊಳ್ಳಬಹುದು. ಆದರೆ ಇಡ್ಲಿಗೆ ಒಂದು ಅಕ್ಕಿ, ಊಟಕ್ಕೆ ಒಂದು ಅಕ್ಕಿ ಇರುವಂತೆ ಲಿನಕ್ಸಿನಲ್ಲೂ ಹಲವು ಬಗೆಗಳಿವೆ. ಫೆಡೋರಾದ ಒಂದು ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು. ಹೊಸತನ್ನು ಬಯಸುವವರಿಗೆ ಅದು ಒಳ್ಳೆಯದು, ಗಲ್ಲಾಕ್ಕೆ ಅಲ್ಲ. ಉಬುಂಟುವಿನ ಎಲ್‌ಟಿಎಸ್ ಆವೃತ್ತಿಗೆ 5 ವರ್ಷ ಬೆಂಬಲವಿದೆ. ಡೆಬಿಯನ್‌ಗೆ 3 ವರ್ಷ, ಎಲ್‌ಟಿಎಸ್ ಸೇರಿದರೆ 5. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲವೆಂದು ನಂಬಿದ್ದವರಿಗೆ 2021ರ ಕೊನೆಗೇ ಅದು ಮುಗಿದುಹೋಯಿತು. 1993ರಲ್ಲಿ ಆರಂಭವಾದ ಡೆಬಿಯನ್ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಸಿಸ್ಟಂ ಕೂಡ ಅದರ ಮೇಲೆಯೇ ನಿಂತಿದೆ. ಆದ್ದರಿಂದ ನಮ್ಮ ಮತ ಡೆಬಿಯನ್‌ಗೆ.

ಆರ್ಡರ್ ಕೊಡುವ ಮುನ್ನ ನಾಲ್ಕು ಮಾತು ಬರೆಸಿಕೊಳ್ಳಬೇಕು. ಒಂದು, ಆವೃತ್ತಿಯ ಹೆಸರು ಮತ್ತು ಅದರ ಬೆಂಬಲ ಮುಗಿಯುವ ದಿನಾಂಕ. ಎರಡು, ಟಚ್ ಪರದೆ ಲಿನಕ್ಸಿನ ಮೂಲ ಕರ್ನೆಲ್‌ನಲ್ಲೇ ಕೆಲಸ ಮಾಡಬೇಕು. ಪ್ರತ್ಯೇಕ ಡ್ರೈವರ್ ಬೇಡುವ ಪರದೆ ಮುಂದಿನ ಅಪ್‌ಡೇಟಿಗೆ ಕೈಕೊಡಬಹುದು. ನಮ್ಮೆದುರೇ ಒಮ್ಮೆ ಅಪ್‌ಡೇಟ್ ಮಾಡಿಸಿ ಬೆರಳಿಟ್ಟು ನೋಡುವುದು ಒಳ್ಳೆಯದು. ಮೂರು, ಸಿಸ್ಟಂ ಇರುವ ಭಾಗ ಓದಲು ಮಾತ್ರ ತೆರೆದಿದ್ದು, ಬಿಲ್ಲುಗಳು ಬೇರೆ ಭಾಗದಲ್ಲಿ ಉಳಿಯಬೇಕು. ಹಾಗಿದ್ದರೆ ಕರೆಂಟು ಹೋದರೂ ಸಿಸ್ಟಂ ಕೆಡುವ ಭಯ ಬಹಳ ಕಡಿಮೆ. ಬಿಲ್ಲುಗಳ ನಕಲು ಪ್ರತಿ ರಾತ್ರಿ ಬೇರೆಡೆ ಹೋಗಲಿ. ನಾಲ್ಕನೆಯದೇ ಮುಖ್ಯ: ರೂಟ್ ಪಾಸ್‌ವರ್ಡ್ ಮತ್ತು ಇಡೀ ಸಿಸ್ಟಂನ ನಕಲು ಇರುವ ಪೆನ್‌ಡ್ರೈವ್ ಮಾಲೀಕರ ಕಪಾಟಿನಲ್ಲಿರಬೇಕು. ಇವಕ್ಕೆ ಒಪ್ಪದವರ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಇನ್ನೊಂದು ಸಲಹೆ. ಪ್ರತಿಯೊಬ್ಬರೂ ಒಂದೊಂದು ಬಗೆ ಆರಿಸುವ ಬದಲು ಸಂಘದ ಸದಸ್ಯರೆಲ್ಲ ಒಂದೇ ಅಡಿಪಾಯ ಒಪ್ಪಿಕೊಂಡರೆ, ಒಬ್ಬ ತಿಳಿದ ತಂತ್ರಜ್ಞ ಹತ್ತು ಹೋಟೆಲುಗಳಿಗೆ ಆದಾನು. ಬಿಡಿ ಯಂತ್ರವೊಂದನ್ನು ಹಂಚಿಕೊಂಡು ಇಟ್ಟುಕೊಳ್ಳಲೂಬಹುದು.

ಸಾಂಬಾರು ಪುಡಿಯ ಅಳತೆ ಒಬ್ಬ ಭಟ್ಟರ ತಲೆಯಲ್ಲಿ ಮಾತ್ರ ಇದ್ದರೆ, ಅವರು ಊರಿಗೆ ಹೋದ ದಿನ ಹೋಟೆಲಿನ ಗತಿ ಏನೆಂದು ನಮಗೆಲ್ಲ ಗೊತ್ತು. ಗಲ್ಲಾದ ಪರದೆಗೂ ಅದೇ ಮಾತು.