ಪೆಟ್ಟಿಗೆಯ ಲಾಭ ಯಾರ ಪಾಲಿಗೆ?

ಹಿರೇಬೆಂಡಿಗೇರಿಯ ರೈತನೊಬ್ಬನು ಬ್ಯಾಡಗಿ ಪೇಟೆಗೆ ಹತ್ತು ಚೀಲ ಮೆಣಸಿನಕಾಯಿ ತಂದನೆಂದು ಇಟ್ಟುಕೊಳ್ಳೋಣ. ಗಾಡಿಯಿಂದ ಇಳಿಸುವವನು ಹಮಾಲ, ತೂಕಕ್ಕೆ ಏರಿಸುವವನು ಹಮಾಲ, ಗೋದಾಮಿನಲ್ಲಿ ಒಟ್ಟುವವನೂ ಹಮಾಲನೇ. ಅದೇ ಮಾಲು ಪರದೇಶಕ್ಕೆಂದು ಕಬ್ಬಿಣದ ಪೆಟ್ಟಿಗೆಯನ್ನು ಸೇರಿ, ಬಾಗಿಲಿಗೆ ಮುದ್ರೆ ಬಿದ್ದ ಮೇಲೆ, ಕಡಲಾಚೆಯ ಗೋದಾಮು ಮುಟ್ಟುವವರೆಗೆ ಚೀಲಕ್ಕೆ ಮನುಷ್ಯನ ಹೆಗಲು ಬೇಕಿಲ್ಲ. ಕಂಟೇನರ್ ಎಂಬ ಈ ಪೆಟ್ಟಿಗೆಯನ್ನು ಹೊತ್ತ ಲಾರಿಗಳು ಹಾವೇರಿಯ ಹೆದ್ದಾರಿಯಲ್ಲಿ ಹಗಲಿರುಳು ಓಡುತ್ತಿವೆ. ಅದರೊಳಗೆ ಏನಿದೆಯೆಂದು ನಮಗೆ ಕಾಣದು. ಅದರ ಲಾಭ ಯಾರಿಗೆ ಹೋಗುತ್ತದೆಂಬುದನ್ನಾದರೂ ನಾವು ಕೇಳಬೇಡವೇ?

ಕಡಲ ವ್ಯಾಪಾರ ನಮ್ಮ ಸೀಮೆಗೆ ಹೊಸದಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ, ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರು ಸೇರಿತು. ಪರದೇಶದ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ನಿಂತಿತು. ಒಂದೊಂದು ಅಂಡಿಗೆಯನ್ನೂ ಗಾಡಿಗೆ, ದೋಣಿಗೆ, ಹಡಗಿಗೆ ಎಂದು ಹಲವು ಸಲ ಎತ್ತಿ ಇಳಿಸಬೇಕಾಗಿತ್ತು. ಆ ಹೊತ್ತುಹಾಕುವ ಕೆಲಸದಲ್ಲಿ ಸಾವಿರಾರು ಮನೆಗಳ ಒಲೆ ಉರಿಯುತ್ತಿತ್ತು.

ಈ ಪದ್ಧತಿಗೆ ಕೊಡಲಿಯೇಟು ಬಿದ್ದದ್ದು 1956ರ ಏಪ್ರಿಲ್ 26ರಂದು. ಮಾಲ್ಕಮ್ ಮ್ಯಾಕ್ಲೀನ್ ಎಂಬ ಅಮೆರಿಕದ ಲಾರಿ ಮಾಲಕನು 'ಐಡಿಯಲ್ ಎಕ್ಸ್' ಎಂಬ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನಿಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದನು. ಕೈಯಿಂದ ಹೇರಿದರೆ ಟನ್ನಿಗೆ 5 ಡಾಲರು 86 ಸೆಂಟು ಬೀಳುತ್ತಿದ್ದ ಖರ್ಚು ಪೆಟ್ಟಿಗೆಯಿಂದಾಗಿ 16 ಸೆಂಟಿಗೆ ಇಳಿಯಿತೆಂದು ಅಂದು ಲೆಕ್ಕ ಹಾಕಿದರು. ಮುಂದೆ ಜಗತ್ತಿಗೆಲ್ಲ ಒಂದೇ ಅಳತೆ ಗೊತ್ತಾಯಿತು: ಇಪ್ಪತ್ತು ಅಡಿ ಇಲ್ಲವೆ ನಲವತ್ತು ಅಡಿ ಉದ್ದ, ಎಂಟು ಅಡಿ ಅಗಲ. ಲಾರಿ, ರೈಲು, ಹಡಗು ಮೂರಕ್ಕೂ ಒಂದೇ ಪೆಟ್ಟಿಗೆ. ಇಂಥ ಹಡಗು ಭಾರತಕ್ಕೆ ಮೊದಲು ಬಂದದ್ದು 1973ರಲ್ಲಿ, ಕೊಚ್ಚಿ ಬಂದರಿಗೆ. 1981ರಲ್ಲಿ ಬೆಂಗಳೂರಿನಲ್ಲಿ ಒಣಬಂದರು ತೆರೆಯಿತು. 1989ರಲ್ಲಿ ಮುಂಬಯಿಯ ಎದುರು ನಾವಾಶೇವಾ ಬಂದರು ಎದ್ದಿತು.

ಸಾಗಾಟದ ವೆಚ್ಚ ಕುಸಿದೊಡನೆ ಕಾರಖಾನೆಗೆ ಬಂದರಿನ ನೆರೆ, ಪೇಟೆಯ ನೆರೆ ಬೇಡವಾಯಿತು. ಒಂದು ದೇಶದ ಅರಿವೆ, ಇನ್ನೊಂದು ದೇಶದ ಗುಂಡಿ, ಮೂರನೆಯ ದೇಶದ ಹೊಲಿಗೆ ಸೇರಿ ಒಂದು ಅಂಗಿಯಾಗತೊಡಗಿತು. ಕೂಲಿ ಎಲ್ಲಿ ಅಗ್ಗವೋ ಅಲ್ಲಿಗೆ ಬಂಡವಾಳ ಓಡಿತು. 2005ರ ಜನವರಿ 1ರಂದು ಜವಳಿ ರಫ್ತಿನ ಕೋಟಾ ಪದ್ಧತಿಯೂ ಮುಗಿದ ಮೇಲೆ ಈ ಓಟಕ್ಕೆ ತಡೆಯೇ ಉಳಿಯಲಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳ ಭೋಂಗಾ ನಿಂತ ಪಾಪವನ್ನೆಲ್ಲ ಪೆಟ್ಟಿಗೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳೆಯ ಯಂತ್ರ, ವಿದ್ಯುತ್ ಮಗ್ಗದ ಪೈಪೋಟಿ, ಮಾಲಕರ ಅಲಕ್ಷ್ಯ ಇವೆಲ್ಲವೂ ಅದರಲ್ಲಿವೆ. ಆದರೆ ಗಿರಣಿಯ ಕಾಯಂ ಕೆಲಸ ಹೋದ ನಾಡಿನಲ್ಲಿ ಬೆಂಗಳೂರಿನ ಸಿದ್ಧ ಉಡುಪಿನ ಕೆಲಸ ಬೆಳೆಯಿತು. ಅಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಪರದೇಶದ ಪೆಟ್ಟಿಗೆ ತುಂಬಲು ಹೊಲಿಯುತ್ತಾರೆ. ಹೆಚ್ಚು ಕೂಲಿ ಕೇಳಿದರೆ, ಆರ್ಡರು ಬೇರೆ ದೇಶಕ್ಕೆ ಹೋದೀತೆಂಬ ಬೆದರಿಕೆ ಅವರ ತಲೆಯ ಮೇಲೆ ತೂಗುತ್ತಿದೆ.

ಸಣ್ಣ ವ್ಯಾಪಾರಿಯ ಪಾಡೂ ಇದಕ್ಕಿಂತ ಬೇರೆಯಲ್ಲ. 2021ರ ಮಾರ್ಚಿನಲ್ಲಿ 'ಎವರ್ ಗಿವನ್' ಎಂಬ ಒಂದು ಹಡಗು ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿ ಆರು ದಿನ ಜಗತ್ತಿನ ವ್ಯಾಪಾರವನ್ನೇ ಕಟ್ಟಿಹಾಕಿತು. ಅದೇ ವರ್ಷ ಖಾಲಿ ಪೆಟ್ಟಿಗೆ ಸಿಗದೆ ಹಡಗಿನ ಬಾಡಿಗೆ ಹಲವು ಪಟ್ಟು ಏರಿತು. ದೊಡ್ಡ ರಫ್ತುದಾರನಿಗೆ ಹಡಗು ಕಂಪನಿಯೊಡನೆ ವರ್ಷದ ಕರಾರು ಇರುತ್ತದೆ. ಇಡೀ ಪೆಟ್ಟಿಗೆ ತುಂಬುವಷ್ಟು ಮಾಲಿಲ್ಲದ ಸಣ್ಣವನು ದಲಾಲನು ಹೇಳಿದ ಬೆಲೆಗೆ ತಲೆಯಾಡಿಸಬೇಕು. ಬಾಡಿಗೆ ಏರಿದರೆ ಆ ಹೊರೆ ಕೊನೆಗೆ ರೈತನ ದರದಲ್ಲಿ ಮುರಿಯುತ್ತದೆ. ಇಳಿದರೆ ಆ ಉಳಿತಾಯ ರೈತನ ತನಕ ಇಳಿದು ಬರುವುದಿಲ್ಲ.

ಹಾಗಾದರೆ ಪೆಟ್ಟಿಗೆಯನ್ನು ಸುಡೋಣವೇ? ಬೇಡ. ನೂರು ಕಿಲೋ ಚೀಲ ಹೊತ್ತು ನಲವತ್ತಕ್ಕೇ ಬೆನ್ನು ಬಾಗಿದ ಹಮಾಲನನ್ನು ಕಂಡವರು ಯಂತ್ರವನ್ನು ಬೈಯಲಾರರು. ಯಂತ್ರ ಬರಲಿ; ಅದು ಉಳಿಸಿದ ಹಣದಲ್ಲಿ ದುಡಿದವನಿಗೆ ಪಾಲು ಬರಲಿ. ಇದು ಕನಸಿನ ಮಾತಲ್ಲ. 1960ರಲ್ಲಿ ಅಮೆರಿಕದ ಪಶ್ಚಿಮ ತೀರದ ಬಂದರು ಕಾಮಗಾರರು, ಹ್ಯಾರಿ ಬ್ರಿಜಸ್ ಅವರ ಮುಂದಾಳುತನದಲ್ಲಿ, ಯಂತ್ರಕ್ಕೆ ದಾರಿ ಬಿಟ್ಟುಕೊಟ್ಟು, ಪ್ರತಿಯಾಗಿ ಮಾಲಕರಿಂದ ಸುಮಾರು 2.9 ಕೋಟಿ ಡಾಲರಿನ ನಿಧಿಯನ್ನೂ, ಕೆಲಸದಿಂದ ತೆಗೆಯುವುದಿಲ್ಲವೆಂಬ ವಚನವನ್ನೂ ಪಡೆದರು. ಆದರೆ ಆ ಒಪ್ಪಂದ ಕಾದದ್ದು ಪಟ್ಟಿಯಲ್ಲಿ ಹೆಸರಿದ್ದ ಕಾಯಂ ಕಾಮಗಾರರನ್ನು. ದಿನಗೂಲಿಯವನು ಹೊರಗೇ ಉಳಿದನು. ನಮ್ಮ ಪೇಟೆಯ ಹಮಾಲರಲ್ಲಿ ಎಷ್ಟು ಜನರ ಹೆಸರು ಯಾವ ಪಟ್ಟಿಯಲ್ಲಿದೆ?

ಆದುದರಿಂದ ನಮ್ಮ ಬೇಡಿಕೆ ಮೂರು. ಮೊದಲನೆಯದು, ನೆರೆಯ ಮಹಾರಾಷ್ಟ್ರದಲ್ಲಿ 1969ರ ಮಾಥಾಡಿ ಕಾನೂನು ಹಮಾಲರನ್ನು ನೋಂದಾಯಿಸಿ ಮಂಡಳಿಯ ಮೂಲಕ ಕೂಲಿ, ಭವಿಷ್ಯನಿಧಿಗಳ ವ್ಯವಸ್ಥೆ ಮಾಡಿದಂತೆ, ನಮ್ಮ ಪೇಟೆಗಳಲ್ಲೂ ಆಗಬೇಕು. ಎರಡನೆಯದು, ಕೈಕೆಲಸವನ್ನು ತಪ್ಪಿಸುವ ಯಂತ್ರ ಬಂದಲ್ಲಿ ಅದರ ಉಳಿತಾಯದ ಒಂದು ಗೊತ್ತಾದ ಭಾಗ ಅವರ ನಿಧಿಗೆ ಸೇರಬೇಕು. ಮೂರನೆಯದನ್ನು ಸರಕಾರಕ್ಕಿಂತ ಮೊದಲು ನಾವೇ ಮಾಡಬೇಕು: ಸಣ್ಣ ವ್ಯಾಪಾರಿಗಳೂ ರೈತರೂ ಸಹಕಾರಿ ಸಂಘ ಕಟ್ಟಿ, ಹತ್ತು ಜನರ ಮಾಲು ಕೂಡಿಸಿ ಒಂದು ಪೆಟ್ಟಿಗೆ ತುಂಬಬೇಕು.

ಪೆಟ್ಟಿಗೆಗೆ ಕಣ್ಣಿಲ್ಲ, ಪಕ್ಷವಿಲ್ಲ. ಬೀಗದ ಕೈ ಯಾರ ಕೈಯಲ್ಲಿದೆಯೋ ಅವರಿಗೆ ಅದು ದುಡಿಯುತ್ತದೆ. ಆ ಬೀಗದ ಕೈಗೆ ಹಮಾಲನೂ, ಗಿರಣಿ ಕಾಮಗಾರನೂ, ಸಣ್ಣ ಅಂಗಡಿಕಾರನೂ ಕೂಡಿ ಕೈಚಾಚುವ ದಿನ ಬರಬೇಕು. ಬೇರೆ ಬೇರೆಯಾಗಿ ಚಾಚಿದರೆ ಯಾರ ಕೈಗೂ ಅದು ಎಟುಕದು.