ಬೋಳು ಗುಡ್ಡ ಎಂದವರು ಯಾರು?

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಗೆಳೆಯರ ಫೋನು ತಪ್ಪದೆ ಬರುತ್ತದೆ. ‘ಈ ಸಲ ಟ್ರೆಕ್ಕಿಂಗ್ ಎಲ್ಲಿಗೆ? ಕುಮಾರ ಪರ್ವತವೋ, ಕೊಡಚಾದ್ರಿಯೋ?’ ನಾನು ಗಂಗಾವತಿ ಕಡೆಯವನು. ‘ಒಂದ್ಸಲ ನಮ್ಮ ಕಡೆ ಬರ್ರಿ, ಇಲ್ಲೂ ಗುಡ್ಡ ಅದಾವು’ ಎಂದರೆ ಆ ಕಡೆಯಿಂದ ನಗು. ‘ನಿಮ್ಮ ಕಡೆ ಏನಿದೆ ಮಾರಾಯ? ಬಿಸಿಲು, ಬಂಡೆ, ಬೋಳು ಗುಡ್ಡ.’

ನನ್ನ ತಕರಾರು ಆ ಗೆಳೆಯರ ಮೇಲಲ್ಲ, ಅವರು ಆಡಿದ ‘ಬೋಳು’ ಎಂಬ ಮಾತಿನ ಮೇಲೆ. ಅದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ಅದು ನಮ್ಮ ಸಾಹಿತ್ಯದಲ್ಲಿದೆ, ಶಾಲೆಯ ಪಾಠದಲ್ಲಿದೆ, ಕಂದಾಯ ಇಲಾಖೆಯ ಕಾಗದದಲ್ಲಿದೆ. ಆ ಮಾತಿನಿಂದಲೇ ಗುಡ್ಡಗಳು ಸಾಯುತ್ತಿವೆ.

ಕನ್ನಡದ ಓದುಗನಿಗೆ ಬೆಟ್ಟ ಎಂದೊಡನೆ ಕಣ್ಣಿಗೆ ಬರುವುದು ಮಲೆನಾಡು. ಕುವೆಂಪು ಸಹ್ಯಾದ್ರಿಯ ಕಾಡನ್ನು ನಮ್ಮ ಮನಸ್ಸಿನಲ್ಲಿ ನೆಟ್ಟರು. ತೇಜಸ್ವಿ ಮೂಡಿಗೆರೆಯಲ್ಲಿದ್ದುಕೊಂಡು ಅಲ್ಲಿನ ಹಕ್ಕಿ, ಹುಳು, ಹಳ್ಳಗಳನ್ನೆಲ್ಲ ಹೆಸರು ಹಿಡಿದು ಕರೆಯುವುದನ್ನು ಕಲಿಸಿದರು. ಇದರಲ್ಲಿ ಅವರ ತಪ್ಪೇನೂ ಇಲ್ಲ, ಅವರು ತಾವು ನಡೆದ ನೆಲವನ್ನು ಬರೆದರು. ತಪ್ಪು ನಮ್ಮದು. ನಾವು ನಮ್ಮ ನೆಲದಲ್ಲಿ ನಡೆಯಲಿಲ್ಲ, ನಡೆದವರನ್ನು ಕೇಳಲಿಲ್ಲ. ಬಯಲುಸೀಮೆಯ ಗುಡ್ಡ ನಮ್ಮ ಬರಹದಲ್ಲಿ ಬಂದರೂ ಬರಗಾಲವನ್ನು ಸೂಚಿಸಲು ಬರುತ್ತದೆ. ಮಳೆ ಹೋಯಿತು, ಬೆಳೆ ಒಣಗಿತು, ದೂರದಲ್ಲಿ ಬೋಳು ಗುಡ್ಡ ನಿಂತಿತ್ತು. ಅಷ್ಟೇ. ಮುಂದಿನ ವಾಕ್ಯಕ್ಕೆ ಗುಡ್ಡ ಬೇಕಾಗುವುದಿಲ್ಲ.

ವಿಪರ್ಯಾಸ ನೋಡಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತು ಮಾಡುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆ ಕೊಪಣವನ್ನೂ ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಭಾಷೆಯ ತಿರುಳು ಇಲ್ಲಿದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಆದರೆ ಆ ತಿರುಳಿನ ನಾಡಿನಲ್ಲಿ ಹತ್ತಿ ನೋಡುವಂಥದ್ದು ಏನೂ ಇಲ್ಲ ಎಂದು ನಂಬಿದ್ದೇವೆ.

ಏನೂ ಇಲ್ಲವೇ? ಕೊಪ್ಪಳ ಊರಿಗೆ ಅಂಟಿಕೊಂಡೇ ಎರಡು ಗುಡ್ಡಗಳಿವೆ, ಗವಿಮಠದ್ದು ಮತ್ತು ಪಾಲ್ಕಿಗುಂಡು. ಪಾಲ್ಕಿಗುಂಡಿನ ನೆತ್ತಿಯಲ್ಲಿ ನಿಂತ ಬಂಡೆಗಳ ಮೇಲೆ ದೊಡ್ಡದೊಂದು ಚಪ್ಪಡಿ ಪಲ್ಲಕ್ಕಿಯ ಹಾಗೆ ಕೂತಿದೆ. ಹೆಸರು ಬಂದದ್ದು ಅದರಿಂದಲೇ. ಎರಡೂ ಕಡೆ ಅಶೋಕನ ಶಾಸನವಿದೆ. ಕ್ರಿ.ಪೂ. 3ನೆಯ ಶತಮಾನದ ಚಕ್ರವರ್ತಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಇಲ್ಲಿ ಬರೆಸಿದ್ದಾದರೂ ಏನು? ಪರಿಶ್ರಮದ ಮಾತು. ಫಲ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಸಣ್ಣವನೂ ಶ್ರಮಪಟ್ಟರೆ ದೊಡ್ಡ ಸ್ವರ್ಗವನ್ನೇ ಮುಟ್ಟಬಹುದು ಎಂಬುದು ಆ ಶಾಸನದ ತಾತ್ಪರ್ಯ. ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದವನಿಗೆ ಇದಕ್ಕಿಂತ ಒಪ್ಪುವ ಮಾತು ಯಾವುದಿದೆ?

ಅದೇ ಪಾಲ್ಕಿಗುಂಡಿನ ಮೇಲೆ ಕಲ್ಲಿನಲ್ಲಿ ಕೊರೆದ ಒಂದು ಜೋಡಿ ಹೆಜ್ಜೆಗಳಿವೆ. ಅವು ಜಟಾಸಿಂಹನಂದಿಯ ಪಾದಗಳೆಂದೂ, ಅವನ್ನು ಮಾಡಿಸಿದವನು ಚಾವಯ್ಯನೆಂದೂ ಅಲ್ಲಿನ ಹಳಗನ್ನಡ ಬರಹ ಹೇಳುತ್ತದೆ. ಜಟಾಸಿಂಹನಂದಿ ಸಂಸ್ಕೃತದಲ್ಲಿ ‘ವರಾಂಗಚರಿತ’ ಬರೆದ ಜೈನ ಕವಿ. ಒಬ್ಬ ಕವಿಯ ಹೆಜ್ಜೆಯನ್ನು ಕೊರೆದು ಕಾಪಾಡಿಕೊಂಡ ಗುಡ್ಡ ಇದು. ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅಲ್ಲಿ ನಿಂತು ಬಂದಿದ್ದೀರಿ?

ಗಂಗಾವತಿಯಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ ಹಿರೇಬೆಣಕಲ್ ಇದೆ. ಊರು ದಾಟಿ, ಕುರುಚಲು ಕಂಟಿಗಳ ನಡುವೆ, ಬಂಡೆಯಿಂದ ಬಂಡೆಗೆ ಕಾಲಿಟ್ಟು ಏರಿದರೆ ಮೇಲೆ ಒಂದು ಊರೇ ಕಾಣುತ್ತದೆ, ಸತ್ತವರ ಊರು. ನಿಲ್ಲಿಸಿದ ಚಪ್ಪಡಿಗಳ ಮೇಲೆ ಚಪ್ಪಡಿ ಹೊದಿಸಿದ ಶಿಲಾಗೋರಿಗಳು ನೂರಾರು. ಕೆಲವು ಆಳೆತ್ತರ ಮೀರಿವೆ, ಕೆಲವಕ್ಕೆ ದುಂಡಗೆ ಕೊರೆದ ಕಿಂಡಿಯಿದೆ. ಜನ ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಮೋರ್ಯರು ಕುಳ್ಳರಾಗಿದ್ದರು, ಈ ಪುಟ್ಟ ಮನೆಗಳಲ್ಲಿ ಬಾಳಿದರು ಎಂಬ ಕತೆ ಇನ್ನೂ ಜೀವಂತವಾಗಿದೆ. ಎತ್ತರದ ಬಂಡೆಯೊಂದರ ಮೇಲೆ ಬೋರಲಾದ ನಗಾರಿಯಂಥ ಕಲ್ಲಿದೆ. ಬಡಿದರೆ ಅದರ ಸದ್ದು ದೂರದವರೆಗೆ ಕೇಳುತ್ತದೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಇನ್ನು ಈ ಕಲ್ಲಿನ ವಯಸ್ಸು. ಕ್ಲೋಸ್‌ಪೇಟೆ ಎಂಬುದು ಇಂದಿನ ರಾಮನಗರದ ಹಳೆಯ ಹೆಸರು. ಅಲ್ಲಿಂದ ಉತ್ತರಕ್ಕೆ ನಮ್ಮವರೆಗೂ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಇದರ ಮುಂದೆ ಹಿಮಾಲಯ ಕೂಸು. ಬಿಸಿಲು ಮಳೆಗೆ ಬಂಡೆಯ ಮೈ ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಕಳಚುತ್ತದೆ, ತಗ್ಗಿನಲ್ಲಿ ನೀರು ನಿಂತು ದೊಣೆಯಾಗುತ್ತದೆ. ಆ ದೊಣೆಗೆ ಕುರಿ ಬರುತ್ತದೆ, ರಾತ್ರಿ ಕರಡಿ ಬರುತ್ತದೆ, ಚಿರತೆಯೂ ಬರುತ್ತದೆ. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ, ಇಲ್ಲಿಯೂ ಅದು ನೆಚ್ಚಿಕೊಂಡಿರುವುದು ಇಂಥ ಬಂಡೆಗುಡ್ಡಗಳ ಕುರುಚಲನ್ನೇ. ಹಸಿರು ಕಾಡಿಗೆ ಹೋಗೆಂದರೆ ಅದು ಹೋಗುವುದಿಲ್ಲ. ಅದಕ್ಕೆ ನಮ್ಮ ಬೋಳು ಗುಡ್ಡವೇ ಬೇಕು.

ಆನೆಗುಂದಿ, ಹಂಪಿಯ ಬಂಡೆಗಳನ್ನು ಏರಲು ಹೊರದೇಶದವರು ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬರತೊಡಗಿ ಎರಡು ದಶಕ ದಾಟಿತು. ಅಮೆರಿಕದ ಹೆಸರಾಂತ ಏರುಗಾರ ಕ್ರಿಸ್ ಶರ್ಮಾ ಇಲ್ಲಿ ಬಂಡೆ ಹತ್ತಿದ್ದನ್ನು ಚಿತ್ರಿಸಿದ 2003ರ ಸಿನಿಮಾಕ್ಕೆ ‘ತೀರ್ಥಯಾತ್ರೆ’ ಎಂಬರ್ಥದ ಹೆಸರಿದೆ. ಅವರಿಗೆ ತೀರ್ಥವಾದದ್ದು ನಮಗೆ ಬೋಳು.

ಇಷ್ಟರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಹೇಳುತ್ತೇನೆ.

ಪಹಣಿ ನೋಡಿದವರಿಗೆ ‘ಖರಾಬು’ ಎಂಬ ಕಾಲಂ ಗೊತ್ತಿರುತ್ತದೆ. ಉಳುಮೆಗೆ ಬಾರದ ಕಲ್ಲು, ಗುಡ್ಡ, ಹಳ್ಳಗಳು ಸೇರುವ ಜಾಗ ಅದು. ಲೆಕ್ಕಕ್ಕಾಗಿ ಹುಟ್ಟಿದ ಪದ, ಆದರೆ ಕೆಟ್ಟದ್ದು ಎಂಬ ಅರ್ಥ ಅದಕ್ಕೆ ಅಂಟಿಕೊಂಡೇ ಇದೆ. ಸಾಹಿತಿ ಬೋಳು ಎಂದದ್ದನ್ನು ಸರ್ಕಾರ ಖರಾಬು ಎನ್ನುತ್ತದೆ, ಖರಾಬು ಎಂದದ್ದನ್ನು ಕಲ್ಲಿನ ವ್ಯಾಪಾರಿ ‘ಸುಮ್ಮನೆ ಬಿದ್ದ ಜಾಗ’ ಎನ್ನುತ್ತಾನೆ. ಮೂವರದೂ ಒಂದೇ ಕಣ್ಣು.

ನಮ್ಮೂರ ಹಿಂದೊಂದು ಗುಡ್ಡವಿತ್ತು. ನಾನು ಡಿಗ್ರಿ ಓದುವಾಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಊರಿನ ಮೇಲೆ ಒಂದು ಪ್ರಬಂಧ ಬರೆದು ಅದನ್ನು ‘ಬರಡು ಗುಡ್ಡ’ ಎಂದಿದ್ದೆ. ಮೇಷ್ಟ್ರು ಮೆಚ್ಚಿದರು. ಊರಿನ ಕುರಿ ಕಾಯುವ ಅಜ್ಜನ ಮುಂದೆ ಹೆಮ್ಮೆಯಿಂದ ಓದಿದೆ. ಅವನು ಪೂರ್ತಿ ಕೇಳಿ, ‘ಅಲ್ಲೋ ತಮ್ಮಾ, ಅದರ ಮ್ಯಾಲ ಒಂದಿನಾನಾರ ಅಡ್ಡಾಡೀಯೇನು?’ ಎಂದ. ಮರುದಿನ ಕರೆದುಕೊಂಡು ಹೋದ. ಇದು ಆನಿಗುಂಡು, ಇದು ತೊಟ್ಟಿಲಗಲ್ಲು, ಇದು ಅತ್ತಿ-ಸೊಸಿ ಗುಂಡು. ಇಲ್ಲಿ ಬ್ಯಾಸಗಿಗೂ ನೀರು ಇರ್ತೈತಿ. ಈ ಗವಿಯಾಗ ಕರಡಿ ಮರಿ ಹಾಕತೈತಿ, ಶಿವರಾತ್ರಿ ತನಕ ಈ ಕಡಿ ಬರಬಾರದು. ಮೊಳಕಾಲುದ್ದದ ಕಂಟಿಗಳಿಗೂ ಅವನ ಬಳಿ ಹೆಸರಿತ್ತು. ನಾನು ಬರಡು ಎಂದು ಒಂದೇ ಪದದಲ್ಲಿ ಮುಗಿಸಿದ್ದಕ್ಕೆ ಅವನಲ್ಲಿ ನೂರು ಪದಗಳಿದ್ದವು. ಒಂದನ್ನೂ ನಾನು ಬರೆದಿಟ್ಟುಕೊಳ್ಳಲಿಲ್ಲ.

ಕೆಲವು ವರ್ಷಗಳ ನಂತರ ಕ್ವಾರಿ ಬಂತು. ಬೇಡ ಎನ್ನಲು ಹೋದ ನಾಲ್ಕೈದು ಮಂದಿಯಲ್ಲಿ ನಾನೂ ಇದ್ದೆ. ‘ಗುಡ್ಡದಾಗ ಏನೈತಿ ಹೇಳ್ರಿ’ ಎಂದು ಕೇಳಿದರು. ಶಾಸನ ಇಲ್ಲ, ಗುಡಿ ಇಲ್ಲ, ಗೋರಿ ಇಲ್ಲ. ಹೇಳಬಲ್ಲ ಅಜ್ಜ ತೀರಿಕೊಂಡಿದ್ದ. ನನ್ನ ಬಾಯಲ್ಲಿ ಮಾತಿರಲಿಲ್ಲ. ಇದ್ದದ್ದು ನನ್ನದೇ ‘ಬರಡು ಗುಡ್ಡ’. ಈಗ ಅಲ್ಲಿ ಆಳದ ಹೊಂಡವಿದೆ.

ಕಲ್ಲು ಒಡೆಯಲೇಬಾರದು ಎಂಬ ಮೊಂಡುವಾದ ನನ್ನದಲ್ಲ. ನನ್ನ ಮನೆಯ ತಳಪಾಯವೂ ಕಲ್ಲಿನದೇ. ಕ್ವಾರಿಯ ಕೂಲಿಯಿಂದ ಒಲೆ ಹೊತ್ತುವ ಮನೆಗಳೂ ನಮ್ಮೂರಲ್ಲಿವೆ. ಹಿರೇಬೆಣಕಲ್ಲಿನವರೂ ಆ ಚಪ್ಪಡಿಗಳನ್ನು ಅದೇ ಗುಡ್ಡದಿಂದಲೇ ಎಬ್ಬಿಸಿದರು. ಆದರೆ ಅವರು ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತು ಇಂದಿಗೂ ಕೆರೆಯಂತಿದೆ. ಯಾವ ಕಲ್ಲು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಗುಡ್ಡವನ್ನು ಬಲ್ಲವರು ಬೇಕು. ಗುಡ್ಡದ ಮೇಲೆ ನಡೆದವರೇ ಇಲ್ಲದಿದ್ದರೆ ಅದರ ಪರ ಸಾಕ್ಷಿ ಹೇಳುವವರು ಯಾರು?

ಅಂಜನಾದ್ರಿಯನ್ನು ನೋಡಿ. 575 ಮೆಟ್ಟಿಲು ಹತ್ತಿ ದಿನವೂ ಸಾವಿರಾರು ಜನ ಹೋಗುತ್ತಾರೆ. ಹನುಮ ಹುಟ್ಟಿದ ಗುಡ್ಡವೆಂಬ ಕತೆ ಅದನ್ನು ಕಾಯುತ್ತಿದೆ. ಯಾವ ವ್ಯಾಪಾರಿಯೂ ಅದರತ್ತ ಬೆರಳು ತೋರಿಸಲಾರ. ಅಶೋಕ ಪಾಲ್ಕಿಗುಂಡನ್ನು ಕಾದ, ಮೋರ್ಯರು ಹಿರೇಬೆಣಕಲ್ಲನ್ನು ಕಾದರು. ಕತೆ ದಾಖಲಾದ ಗುಡ್ಡ ಉಳಿಯುತ್ತದೆ, ಬಾಯಲ್ಲಷ್ಟೇ ಕತೆಯಿರುವ ಗುಡ್ಡ ಜಲ್ಲಿಯಾಗುತ್ತದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಲ್ಲಿ ಇಂಥ ಗುಡ್ಡಗಳು ಎಷ್ಟಿಲ್ಲ?

ಚಾರಣವೆಂಬುದು ಪೇಟೆಯವರ ಚಟ, ಬಡವನಿಗೆ ಅದರಿಂದೇನು ಎಂಬ ಆಕ್ಷೇಪ ಬರಬಹುದು. ಚಟವಾಗಿರುವುದು ನಿಜ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಂತೆಯಂತೆ ಜನ ಸೇರಿ, ಕೊನೆಗೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಸರ್ಕಾರ ಚಾರಣವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಂಥ ಜಾತ್ರೆಯನ್ನು ಇಲ್ಲಿಗೆ ಕರೆಯುತ್ತಿಲ್ಲ. ನಾನು ಕೇಳುತ್ತಿರುವುದು ಆ ಅಜ್ಜನ ನಡಿಗೆಯನ್ನು. ಅದಕ್ಕೆ ದುಬಾರಿ ಬೂಟು ಬೇಡ, ಟಿಕೆಟ್ ಬೇಡ. ಅದು ಬಡವನದೇ ವಿದ್ಯೆ, ನಾವು ಅವನಿಂದ ಕಲಿಯಬೇಕಾದದ್ದು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಈ ಚಳಿಗಾಲದಲ್ಲಿ ನಿಮ್ಮ ತಾಲೂಕಿನದೇ ಹೆಸರಿಲ್ಲದ ಒಂದು ಗುಡ್ಡ ಹತ್ತಿ. ಒಬ್ಬರೇ ಹೋಗಬೇಡಿ, ಕುರಿ ಕಾಯುವವರನ್ನೋ ಸೌದೆಗೆ ಹೋಗುವ ಅವ್ವನನ್ನೋ ಕೇಳಿ ಜೊತೆಗೆ ಹೋಗಿ. ಕರಡಿಯ ದಾರಿ, ನೀರಿನ ದಾರಿ ಅವರಿಗೆ ಗೊತ್ತು. ಬಂಡೆಗಳ ಹೆಸರು ಕೇಳಿ ಬರೆದುಕೊಳ್ಳಿ. ಕೆಳಗಿಳಿದು ಆ ಸರ್ವೆ ನಂಬರಿನ ಪಹಣಿ ತೆಗೆಸಿ ನೋಡಿ. ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ಒಂದು ಪ್ರಬಂಧ ಬರೆಯಿರಿ. ಅದರಲ್ಲಿ ‘ಬೋಳು’ ಎಂಬ ಪದ ಬರಕೂಡದು. ನಾಳೆ ಯಾರಾದರೂ ‘ಗುಡ್ಡದಾಗ ಏನೈತಿ’ ಎಂದು ಕೇಳಿದರೆ ತೋರಿಸಲು ನಿಮ್ಮ ಕೈಯಲ್ಲಿ ಅದಿರಲಿ.

ಗೆಳೆಯರಿಗೂ ಈ ಸಲ ಇಷ್ಟೇ ಹೇಳಿದ್ದೇನೆ. ಬರ್ರಿ. ನಸುಕಿನ ಐದಕ್ಕೆ ಹೊರಡಬೇಕು, ಹತ್ತರೊಳಗೆ ಇಳಿಯಬೇಕು, ಆಮೇಲೆ ಬಂಡೆ ಕಾದ ಹಂಚಾಗುತ್ತದೆ. ನೀರು, ರೊಟ್ಟಿ, ಶೇಂಗಾ ಚಟ್ನಿ ನನ್ನದು. ಒಂದು ನೋಟ್‌ಬುಕ್ ನಿಮ್ಮದು.