ತಡವಾಗಿ ದೊರೆತ ಹೆಸರು



ಮಸ್ಕಿಯ ಬಂಡೆಗಲ್ಲಿನ ಶಾಸನವನ್ನು ನಮ್ಮ ಸಿಂಧನೂರು, ಲಿಂಗಸುಗೂರು ಕಡೆಯ ಅನೇಕರು ಕಂಡಿರುವಿರಿ. ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದು ನಿಶ್ಚಿತವಾದದ್ದು 1915ರಲ್ಲಿ ಆ ಶಾಸನವು ಬೆಳಕಿಗೆ ಬಂದ ಬಳಿಕ. ಹೆಸರು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಲ್ಲಿನ ಮೇಲೆಯೇ ಇತ್ತು; ಓದುವವರು ಬರಬೇಕಾಗಿತ್ತು. ಕೊಡಗಿನ ವೀರ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರನ್ನು ನೆನೆಯುವಾಗಲೆಲ್ಲ ನನಗೆ ಈ ಶಾಸನದ ನೆನಪಾಗುತ್ತದೆ.

1932ರಲ್ಲಿ ಜನಿಸಿದ ದೇವಯ್ಯನವರು 1954ರಲ್ಲಿ ವಾಯುಪಡೆಯನ್ನು ಸೇರಿದರು. ಕಿರಿಯರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಗುರುವೂ ಆಗಿದ್ದರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಡಬೇಕಾಗಿತ್ತು. ಆ ಹನ್ನೆರಡರಲ್ಲಿ ದೇವಯ್ಯನವರಿರಲಿಲ್ಲ. ಅವರು ಕಾದಿರಿಸಿದ ವೈಮಾನಿಕರು. ಒಂದು ವಿಮಾನ ಹಿಂದುಳಿದಾಗ ಆ ಸ್ಥಾನಕ್ಕೆ ತಾವು ಹೋದರು; ಮರಳಿ ಬರಲಿಲ್ಲ.

‘ಕಾಣೆಯಾಗಿದ್ದಾರೆ’ ಎಂದು ಕಡತದಲ್ಲಿ ಬರೆಯಲಾಯಿತು. ಈ ಒಂದು ಶಬ್ದದ ಭಾರವನ್ನು ಮನೆಯ ಹೆಣ್ಣುಮಕ್ಕಳು ಬಲ್ಲರು. ದೇಹವಿಲ್ಲ, ಸಮಾಧಿಯಿಲ್ಲ, ದುಃಖಿಸಬೇಕೋ ಕಾಯಬೇಕೋ ತಿಳಿಯದು. ಪತಿ ಹೇಗೆ ಮಡಿದರೆಂದು ಪತ್ನಿಗೆ ಹೇಳಬಲ್ಲವರು ಈ ದೇಶದಲ್ಲಿ ಒಬ್ಬರೂ ಇರಲಿಲ್ಲ.

ಹದಿನಾಲ್ಕು ವರ್ಷಗಳ ನಂತರ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಆ ಯುದ್ಧದ ಕುರಿತು ಪಾಕಿಸ್ತಾನದ ಕಡೆಯ ವಿವರಗಳನ್ನೊಳಗೊಂಡ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಆ ದಿನದ ಕಾಳಗದ ಸಂಗತಿ ಬಂದಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನದಲ್ಲಿ ಅಮ್ಜದ್ ಹುಸೇನ್ ಎಂಬ ವೈಮಾನಿಕನು ಮಿಸ್ಟೇರ್ ಒಂದನ್ನು ಹೊಡೆದನು. ಪೆಟ್ಟು ತಿಂದ ಆ ಮಿಸ್ಟೇರ್ ಓಡಲಿಲ್ಲ. ತಿರುಗಿ ನಿಂತು ಸೆಣಸಿ, ತನಗಿಂತ ಎಷ್ಟೋ ವೇಗದ ವಿಮಾನವನ್ನು ಉರುಳಿಸಿತು. ಅಮ್ಜದ್ ಹುಸೇನ್ ಕೊಡೆಯ ಆಸರೆಯಿಂದ ಇಳಿದು ಬದುಕಿದನು.

ಹಾಗಾದರೆ ಆ ಮಿಸ್ಟೇರಿನಲ್ಲಿದ್ದವರಾರು? ಮರಳಿ ಬಂದ ನಮ್ಮ ವೈಮಾನಿಕರಲ್ಲಿ ಯಾರೂ ಅಂತಹ ಕಾಳಗ ಮಾಡಿದವರಲ್ಲ. ಉಳಿದವರು ದೇವಯ್ಯನವರೊಬ್ಬರೇ. ಅಂದಿನ ದಾಳಿಯ ಮುಂದಾಳು ತನೇಜಾ ಅವರು ಸರಕಾರಕ್ಕೆ ಬರೆದರು. 1988ರಲ್ಲಿ, ಘಟನೆಯಾದ 23 ವರ್ಷಗಳ ಬಳಿಕ, ಮರಣೋತ್ತರ ಮಹಾವೀರ ಚಕ್ರವನ್ನು ಅವರ ಪತ್ನಿ ಸ್ವೀಕರಿಸಿದರು.

ನಮ್ಮವನ ಪರಾಕ್ರಮಕ್ಕೆ ಎದುರಾಳಿಗಳ ಕಡೆಯಿಂದಲೇ ಸಾಕ್ಷಿ ದೊರೆಯಿತು. ಅದರಲ್ಲಿ ಲಜ್ಜೆಗಿಂತ ಗೌರವವೇ ಹೆಚ್ಚೆಂದು ನಾನು ತಿಳಿಯುತ್ತೇನೆ. ಆದರೆ 23 ವರ್ಷಗಳ ವಿಳಂಬವನ್ನು ಸುಲಭವಾಗಿ ಒಪ್ಪಲಾರೆ. ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಕಳೆದವಲ್ಲ!

ದೇವಯ್ಯನವರ ದೇಹವನ್ನು ಅಲ್ಲಿಯ ಹಳ್ಳಿಗರೇ ಮಣ್ಣು ಮಾಡಿದರೆಂದು ಮುಂದೆ ತಿಳಿದುಬಂದಿತು. ಮಡಿಕೇರಿಯಲ್ಲಿ ಈಗ ಅವರ ಪ್ರತಿಮೆಯಿದೆ. ತಲಕಾವೇರಿಗೆ ಹೊರಟ ಕುಟುಂಬಗಳು ದಾರಿಯಲ್ಲಿ ಅಲ್ಲಿ ಕ್ಷಣಕಾಲ ನಿಂತು, ಜೊತೆಯಲ್ಲಿರುವ ಮಕ್ಕಳಿಗೆ ಆ ಹೆಸರನ್ನು ಪೂರ್ತಿಯಾಗಿ ಓದಿ ಹೇಳಬೇಕಾಗಿ ವಿನಂತಿ.